ಬೆಸೆದವರೇ ಮೊದಲು ಹತ್ತಬೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಮುಂದಿನ ಶಟರ್ ಮುಚ್ಚಿಯೇ ಇದೆ. ಹಿಂದುಗಡೆಯ ತಗಡಿನ ಶೆಡ್ಡಿನಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಚರ್ಮದ ಜಾಕೆಟ್ ತೊಟ್ಟ ಹೆಂಗಸೊಬ್ಬರು ಸಿಮೆಂಟು ನೆಲದ ಮೇಲೆ ಮಂಡಿಯೂರಿ, ದೊಡ್ಡದೊಂದು ಬೈಕಿನ ಹಿಂಭಾಗದ ಕೊಳವೆಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಾರೆ. ಜಾಕೆಟ್ಟು ಅವರ ಅಳತೆಯದಲ್ಲ, ತೋಳುಗಳನ್ನು ಮೇಲಕ್ಕೆ ಮಡಚಿಕೊಂಡಿದ್ದಾರೆ. ಎಡ ಭುಜದ ಮೇಲೆ ಉದ್ದದ ಹರುಕೊಂದಕ್ಕೆ ದಪ್ಪ ದಾರದ ಹೊಲಿಗೆ ಬಿದ್ದಿದೆ.

"ಆ ಕಡೆ ತಿರುಗಿ ನಿಂತ್ಕೊಳಿ. ಇದನ್ನ ನೋಡಿದ್ರೆ ಸಂಜೆ ಹೊತ್ತಿಗೆ ಕಣ್ಣಿಗೆ ಮರಳು ಸುರಿದ ಹಾಗಾಗುತ್ತೆ" ಎಂದು ನನ್ನನ್ನು ಗದರಿ, ಮುಖವಾಡ ಇಳಿಸಿ ಕಿಡಿ ಹೊತ್ತಿಸುತ್ತಾರೆ. ಶೆಡ್ಡಿನ ಗೋಡೆಯೆಲ್ಲ ನೀಲಿ. ಸುಟ್ಟ ಕಬ್ಬಿಣದ ವಾಸನೆ ನೇರ ಗಂಟಲಿಗೆ ಇಳಿಯುತ್ತದೆ. ಒಂದಿಷ್ಟು ಬೆಸೆದು ನಿಲ್ಲಿಸುತ್ತಾರೆ, ಕೆಮ್ಮುತ್ತಾರೆ, ಕೊಳವೆಯ ಇನ್ನೊಂದು ಬದಿಗೆ ಸರಿದು ಮತ್ತೆ ಶುರು ಮಾಡುತ್ತಾರೆ. ಆ ಕೆಮ್ಮು ಬೆಳಗಿನ ಚಳಿಯದ್ದಲ್ಲ ಎಂದು ತಿಳಿಯಲು ಡಾಕ್ಟರಿಕೆ ಓದಬೇಕಿಲ್ಲ.

ಗ್ಯಾರೇಜಿನವರು ಇವರನ್ನು ಕಿಡಿಯಕ್ಕ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಪೇಪರಿಗೆ ಬರೆಯುವ ನಾನು ಬಂದದ್ದು ಇವರನ್ನು ನೋಡಲು ಅಲ್ಲ, ಗಾಡಿ ನೋಡಲು. ಹಳೆಯ ಬೈಕುಗಳನ್ನು ತಂದುಕೊಟ್ಟರೆ ಸೊಗಸಾದ ಕೆಫೆ ರೇಸರ್, ಅಂದರೆ ತಗ್ಗಿದ ಹ್ಯಾಂಡಲ್ಲಿನ ಒಂಟಿ ಸೀಟಿನ ಗಾಡಿ, ಮಾಡಿಕೊಡುವ ಗ್ಯಾರೇಜು ಎಂದು ಈ ಊರಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಮುಂದಿನ ಕೋಣೆಯ ಗೋಡೆಯ ತುಂಬ ಫೋಟೋಗಳು. ಗಾಡಿಯ ಪಕ್ಕ ಗಿರಾಕಿ, ಗಿರಾಕಿಯ ಪಕ್ಕ ಮಾಲೀಕ, ಒಂದೆರಡರಲ್ಲಿ ಬಣ್ಣ ಹೊಡೆಯುವ ಪೇಂಟರ್ ಕೂಡ ಹಲ್ಲು ಬಿಟ್ಟು ನಿಂತಿದ್ದಾನೆ. ಕಬ್ಬಿಣ ಕತ್ತರಿಸಿ ಕೂಡಿಸಿದ ಕೈ ಮಾತ್ರ ಯಾವ ಫೋಟೋದಲ್ಲೂ ಇಲ್ಲ.

"ಇದು ಯಾರ ಕೆಲಸ?" ಎಂದು ನಿನ್ನೆ ಕೇಳಿದ್ದಕ್ಕೆ ಮಾಲೀಕರು ಹಿಂದಕ್ಕೆ ಬೆರಳು ತೋರಿಸಿದರು. ಹಾಗೆ ನಾನು ಇವತ್ತು ಬೆಳಗಾಗುವ ಮುಂಚೆಯೇ ಶೆಡ್ಡಿಗೆ ಬಂದೆ.

ಈಗ ಶೆಡ್ಡಿನಲ್ಲಿರುವುದು ಹಳೆಯ ಸ್ಪೋರ್ಟ್ ಟೂರರ್. ದೂರದೂರಿಗೆ ಇಬ್ಬರು ಆರಾಮಾಗಿ ಕೂತು ಹೋಗಲೆಂದೇ ಮಾಡಿದ್ದು. ಎದೆಗೆ ಗಾಳಿ ಬಡಿಯದಂತೆ ಮುಂದೆ ದೊಡ್ಡ ಹೊದಿಕೆ, ಎರಡೂ ಪಕ್ಕ ಬಟ್ಟೆಬರೆಯ ಪೆಟ್ಟಿಗೆ, ಹಿಂದೆ ಕೂತವರಿಗೆ ಒರಗಲು ದಿಂಬು. ಅದೆಲ್ಲ ಈಗ ಮೂಲೆಯಲ್ಲಿ ರಾಶಿ ಬಿದ್ದಿದೆ. ಹ್ಯಾಂಡಲ್ ತಗ್ಗಿಸಬೇಕು, ಸೀಟು ಒಬ್ಬರಿಗಷ್ಟೇ ಆಗುವಂತೆ ಕುಗ್ಗಿಸಬೇಕು. ಅದಕ್ಕಾಗಿ ಚೌಕಟ್ಟಿನ ಹಿಂಭಾಗ ಕತ್ತರಿಸಿ, ಕುದುರೆ ಲಾಳದಂತೆ ಬಾಗಿದ ಕೊಳವೆಯೊಂದರ ಎರಡೂ ತುದಿಯನ್ನು ಅಲ್ಲಿಗೆ ಬೆಸೆಯಬೇಕು. ಓಡಿಸುವವನ ಭಾರವೆಲ್ಲ ಕೊನೆಗೆ ಕೂರುವುದು ಆ ಎರಡು ಬೆಸುಗೆಯ ಮೇಲೆ.

"ಅನ್ನ ಇದ್ದ ಹಾಗೆ ಇದು" ಎನ್ನುತ್ತಾರೆ ಕಿಡಿಯಕ್ಕ, ಮುಖವಾಡ ಎತ್ತಿ ಬೆವರು ಒರೆಸಿಕೊಳ್ಳುತ್ತ. "ಮೇಲೆ ಬೆಂದ ಹಾಗೆ ಕಾಣುತ್ತೆ, ಒಳಗೆ ಗಟ್ಟಿ ಇರುತ್ತೆ. ಅನ್ನವಾದ್ರೆ ಒಂದು ಅಗುಳು ಹಿಚುಕಿ ನೋಡಬಹುದು. ಇದನ್ನ ಹೆಂಗೆ ಹಿಚುಕ್ತೀರಿ?"

ಬೆಸುಗೆ ಕಲಿಸಿದ್ದು ಗಂಡ. "ಮದುವೆಯಾದ ಹೊಸದ್ರಲ್ಲಿ ಬೇರೆಯವ್ರು ಹೆಂಡ್ತೀನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ನಮ್ಮನೆಯವ್ರು ನನ್ನ ಕೈಗೆ ವೆಲ್ಡಿಂಗ್ ರಾಡು ಕೊಟ್ರು" ಎಂದು ನಗುತ್ತಾರೆ. ನಾನು ಅವರನ್ನು ನಗುತ್ತಾ ಕಂಡದ್ದು ಅದೊಂದೇ ಸಲ. ಗಂಡ ಈ ಗ್ಯಾರೇಜಿನ ಮೊದಲ ಬೆಸುಗೆಗಾರ, ಮಾಲೀಕರ ಜೀವದ ಗೆಳೆಯ. ಬೆಸೆದವರೇ ಮೊದಲು ಹತ್ತಬೇಕು ಎಂಬ ಪದ್ಧತಿ ಮಾಡಿದವರೂ ಅವರೇ. ಗಾಡಿ ಮುಗಿದ ದಿನ, ಗಿರಾಕಿ ಮುಟ್ಟುವ ಮುಂಚೆ, ತಾನೇ ಹತ್ತಿ, "ಮಾಡಿದ್ದುಣ್ಣೋ ಮಹಾರಾಯ!" ಎಂದು ಕೂಗಿ ಗೇಟು ದಾಟುತ್ತಿದ್ದರಂತೆ. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರಂತೆ. ಈಗ ಆ ಗಾದೆಯನ್ನು ಈ ಗ್ಯಾರೇಜಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಎಂಟು ವರ್ಷದ ಹಿಂದೆ ಹೀಗೇ ಒಂದು ಗಾಡಿ ಬಂದಿತ್ತು. ಬೆಸುಗೆಯ ಮೇಲೆ ಉಬ್ಬಿ ನಿಲ್ಲುವ ಗಂಟು ಕಾಣಬಾರದು, ಎರಕ ಹೊಯ್ದಂತೆ ನುಣುಪಾಗಿರಬೇಕು ಎಂದು ಗಿರಾಕಿಯ ಹಟ. ಗಂಡ ಉಜ್ಜಿ ನುಣುಪು ಮಾಡಿದರು, ಹತ್ತಿದರು, ಕೂಗಿದರು, ಹೋದರು. ರಸ್ತೆಯ ಉಬ್ಬೊಂದನ್ನು ಹಾರುವಾಗ ಹಿಂಭಾಗ ಮುರಿದು ಚಕ್ರದ ಮೇಲೆ ಕುಸಿಯಿತು. ಚಕ್ರ ಕಚ್ಚಿಕೊಂಡಿತು. ಹಿಂದೆ ಲಾರಿ ಬರುತ್ತಿತ್ತು.

"ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಹಾಗಾಗಿತ್ತು. ಒಳಗೆ ಬೆಂದಿರಲಿಲ್ಲ. ಮೇಲಿನ ಗಂಟಿನ ಬಲದ ಮೇಲೇ ಹಿಡ್ಕೊಂಡಿತ್ತು, ಅದನ್ನೇ ಉಜ್ಜಿ ತೆಗೆದ್ರು."

ತಪ್ಪು ಗಿರಾಕಿಯದಲ್ಲವೇ ಎಂದೆ.

"ಇಲ್ಲ, ನಮ್ಮನೆಯವ್ರದ್ದೇ. ಸತ್ತವ್ರ ಬಗ್ಗೆ ಹಾಗನ್ನಬಾರ್ದು ಅಂತಾರೆ. ನಾನು ಅಂತೀನಿ. ಅವಸರ ಮಾಡಿದ್ರು." ಇಷ್ಟು ಹೇಳಿ ಜಾಕೆಟ್ಟಿನ ಹೊಲಿಗೆಯನ್ನು ಒಮ್ಮೆ ಮುಟ್ಟಿಕೊಂಡರು. ಅದು ಅವತ್ತು ಗಂಡ ತೊಟ್ಟಿದ್ದ ಜಾಕೆಟ್ಟೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹೌದೆಂದು ಆಮೇಲೆ ಪೇಂಟರ್ ಹೇಳಿದ.

ಗಂಡನ ಜಾಗದಲ್ಲಿ ಇವರು ಕೆಲಸಕ್ಕೆ ಕೂತಾಗ, ಇನ್ನು ಆ ಪದ್ಧತಿ ಗಿದ್ಧತಿ ಏನೂ ಬೇಡ ಎಂದು ಮಾಲೀಕರು ಹೇಳಿಬಿಟ್ಟರು. ಆ ಅಪಘಾತದ ನಂತರ ಸ್ವತಃ ಅವರೇ ಬೈಕು ಹತ್ತಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಬಸ್ಸು. ಪದ್ಧತಿ ಮತ್ತೆ ಶುರುವಾದದ್ದು ಮನೆಯಿಂದ, ಅತ್ತೆಯಿಂದ.

ಆ ಮನೆ ಎರಡು ಬೀದಿಯಾಚೆ, ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲು ತೆಗೆದರೆ ನೇರ ರಸ್ತೆ. ಅತ್ತೆಗೆ ಮೊಣಕಾಲು ಹೋಗಿದೆ, ಬಾಯಿ ಗಟ್ಟಿಯಾಗಿದೆ. "ಬಾ ಕೂರು, ನನ್ನ ಸೊಸೆ ಬಗ್ಗೆ ಒಳ್ಳೇದೇ ಬರಿ. ಕೆಟ್ಟದ್ದು ಹೇಳೋಕೆ ಮನೇಲಿ ನಾನಿದೀನಿ" ಎಂದು ನನ್ನನ್ನು ಒಳಗೆ ಕರೆದರು. ಕೆಫೆ ರೇಸರ್ ಬಗ್ಗೆ ಅವರ ಅಭಿಪ್ರಾಯ ಒಂದೇ ಮಾತಿನದು. "ಇಬ್ರು ಕೂರೋ ಗಾಡಿ ಕತ್ತರಿಸಿ ಒಬ್ರು ಕೂರೋ ಹಾಗೆ ಮಾಡಿಸ್ತಾರಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!"

ಸೊಸೆಯನ್ನು ಹತ್ತಿಸಿದ್ದು ಯಾಕೆ ಎಂದು ಕೇಳಿದೆ. "ನನ್ನ ಮಗ ತಾನು ಮಾಡಿದ್ದರ ಮೇಲೆ ತಾನೇ ಹತ್ತಿ ಸತ್ತ. ಅವತ್ತು ಅವನು ಹತ್ತದಿದ್ರೆ ಆ ಗಿರಾಕಿ ಸಾಯ್ತಿದ್ದ. ಅವನಿಗೂ ತಾಯಿ ಇದ್ಲಲ್ಲ? ಇವಳಿಗೆ ಅದನ್ನೇ ಹೇಳ್ದೆ. ನೀನು ಹತ್ತದ ಗಾಡಿ ಮೇಲೆ ಇನ್ನೊಬ್ರ ಮಗನ್ನ ಹತ್ತಿಸ್ತೀಯೇನೇ? ಹಾಗಿದ್ರೆ ಆ ಕೆಲಸಾನೇ ಬೇಡ, ಇಬ್ರೂ ಉಪವಾಸ ಬೀಳೋಣ ಅಂದೆ."

ಕಿಡಿಯಕ್ಕ ಬೈಕ್ ಕಲಿತದ್ದು ಹಾಗೆ, ವಿಧವೆಯಾದ ಮೇಲೆ, ಬಿದ್ದು ಎದ್ದು. ಗಾಡಿ ಮುಗಿದ ದಿನ ಈ ಮನೆಯ ಮುಂದಿನ ರಸ್ತೆಯಲ್ಲೇ ಒಂದು ಸುತ್ತು. ಹಿಂತಿರುಗುವಾಗ ಬಾಗಿಲ ಎದುರು ಎರಡು ಸಲ ಹಾರ್ನ್. ಅಲ್ಲಿಯ ತನಕ ಅತ್ತೆ ಹೊಸ್ತಿಲು ಬಿಟ್ಟು ಏಳುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಹಾರ್ನ್ ಕೇಳಿದ ಮೇಲೆ, "ಬಂದ್ಲು ಮಾರಿ" ಎಂದು ಬೈದು ಒಳಗೆ ಹೋಗುತ್ತಾರೆ.

ಎರಡು ವಾರ ಬಿಟ್ಟು, ಗಾಡಿ ಒಪ್ಪಿಸುವ ದಿನ, ನಾನು ಫೋಟೋದವನನ್ನು ಕರೆದುಕೊಂಡು ಬೆಳಿಗ್ಗೆಯೇ ಹೋಗಿದ್ದೇನೆ. ಗಾಡಿ ಅಂಗಳದಲ್ಲಿ ನಿಂತಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆಂದದ ಗಾಡಿಯನ್ನು ನಾನು ನೋಡಿರಲಿಲ್ಲ. ಕಡುಹಸಿರು ಟ್ಯಾಂಕು, ಕಪ್ಪು ಸೀಟು, ಎಲ್ಲೂ ಒಂದು ಗೆರೆ ಹೆಚ್ಚಿಲ್ಲ. ಗಿರಾಕಿ ಇಪ್ಪತ್ತೈದರ ಹುಡುಗ. ಜೊತೆಗೆ ಅವನ ಅಪ್ಪ. ಗಾಡಿ ಮೊದಲು ಅಪ್ಪನದಂತೆ, ಹೆಂಡತಿಯನ್ನು ಕೂರಿಸಿಕೊಂಡು ಸುತ್ತದ ಊರಿಲ್ಲವಂತೆ. "ಚೆನ್ನಾಗೇನೋ ಇದೆ. ನಿಮ್ಮಮ್ಮ ಇನ್ಮೇಲೆ ಟ್ಯಾಂಕ್ ಮೇಲೆ ಕೂರ್ಬೇಕಾ?" ಎಂದು ಮಗನನ್ನು ಚುಡಾಯಿಸುತ್ತಿದ್ದಾರೆ.

ಕಿಡಿಯಕ್ಕ ಹೆಲ್ಮೆಟ್ ಹಿಡಿದು ಬರುತ್ತಾರೆ. ವಾಡಿಕೆಯಂತೆ ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ ಬೆಸುಗೆ ಸವರುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಬದಿಗೆ ಹೋಗಿ ಅಲ್ಲೂ ಸವರುತ್ತಾರೆ. ಗಂಟು ಇಲ್ಲ. ಎರಡೂ ಕಡೆ ನುಣುಪು.

"ಯಾರು ಉಜ್ಜಿದ್ದು?"

ಪೇಂಟರ್ ನೆಲ ನೋಡುತ್ತಾನೆ. ಮಾಲೀಕರು ಹತ್ತಿರ ಬಂದು ದನಿ ತಗ್ಗಿಸುತ್ತಾರೆ. "ನಾನೇ ಹೇಳ್ದೆ ಕಣಮ್ಮ. ಪೇಪರಿನವ್ರು ಫೋಟೋ ತೆಗೀತಾರೆ, ಗಂಟು ಕಾಣಬಾರ್ದು ಅಂತ. ನಿನ್ನ ಬೆಸುಗೆ ನನಗೆ ಗೊತ್ತಿಲ್ವಾ? ಏನೂ ಆಗಲ್ಲ."

ಪೇಪರಿನವರು ಎಂದರೆ ನಾನು. ಫೋಟೋದವನು ನನ್ನ ಮುಖ ನೋಡಿದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಎಷ್ಟು ಉಜ್ಜಿದೆ?" ಕಿಡಿಯಕ್ಕ ಪೇಂಟರನ್ನು ಕೇಳುತ್ತಾರೆ.

"ಗೆರೆ ಹೋಗೋ ತನಕ."

"ಹಾಗಾದ್ರೆ ಮುಗಿಸಿದವನು ನೀನು. ಹತ್ತು."

ಅವನು ಹತ್ತುವುದಿಲ್ಲ. ಕೊನೆಗೆ ಕಿಡಿಯಕ್ಕ ತಾವೇ ಹೆಲ್ಮೆಟ್ ಹಾಕಿ ಕೂರುತ್ತಾರೆ, ಸ್ಟಾರ್ಟ್ ಮಾಡುತ್ತಾರೆ. ಎಂಜಿನ್ ಗುಡುಗುತ್ತದೆ. ಗೇಟಿನ ತನಕ ಹೋಗಿ ಕಾಲೂರುತ್ತಾರೆ. ಆಫ್ ಮಾಡುತ್ತಾರೆ, ಇಳಿಯುತ್ತಾರೆ. ಹೆಲ್ಮೆಟ್ ತೆಗೆದು ಸೀಟಿನ ಮೇಲಿಡುತ್ತಾರೆ.

"ಪರ್ವಾಗಿಲ್ಲ, ಇವತ್ತೊಂದಿನ ಬಿಡು. ಹುಡುಗನೇ ತಗೊಂಡು ಹೋಗ್ಲಿ" ಎನ್ನುತ್ತಾರೆ ಮಾಲೀಕರು. ಹುಡುಗ ಆಗಲೇ ಕೈಗವಸು ಹಾಕಿಕೊಳ್ಳುತ್ತಿದ್ದಾನೆ.

ಕಿಡಿಯಕ್ಕ ಶೆಡ್ಡಿಗೆ ಹೋಗಿ ಕಟ್ಟಿಂಗ್ ಯಂತ್ರ ತರುತ್ತಾರೆ. ಏನು ಮಾಡುತ್ತಿದ್ದಾರೆಂದು ನಮಗೆ ಹೊಳೆಯುವಷ್ಟರಲ್ಲಿ ಎಡಗಡೆಯ ಕೊಳವೆ ಬೆಸುಗೆಯ ಜಾಗದಲ್ಲೇ ಸೀಳಿ ಎರಡಾಗಿದೆ. ಹಸಿರು ಟ್ಯಾಂಕಿನ ಮೇಲೆಲ್ಲ ಕಿಡಿ ಹಾರಿ ಚುಕ್ಕೆ. ಹುಡುಗ ಕೂಗಾಡುತ್ತಾನೆ, ಅಳುವ ಹಾಗಾಗುತ್ತಾನೆ. ಮಾಲೀಕರು ತಲೆ ಮೇಲೆ ಕೈ ಹೊತ್ತು, ಆಮೇಲೆ ಬಗ್ಗಿ ಕತ್ತರಿಸಿದ ಬಾಯಿಯನ್ನು ಬೆರಳಲ್ಲಿ ಒರೆಸಿ ನೋಡುತ್ತಾರೆ.

"ನೋಡು, ಒಳಗಿನ ತನಕ ಬೆಂದಿದೆ. ಬಂಗಾರದಂಥ ಬೆಸುಗೆ. ಸುಮ್ಮಸುಮ್ಮನೆ ಹಾಳು ಮಾಡಿದ್ಯಲ್ಲಮ್ಮ!"

"ಬೆಂದಿದೆ ಅಂತ ಕತ್ತರಿಸಿದ ಮೇಲೆ ಗೊತ್ತಾಯ್ತು."

ಹುಡುಗನ ಅಪ್ಪ ಮಾತ್ರ ಸಮಾಧಾನದಿಂದ ಕೇಳುತ್ತಾರೆ. "ನೀವು ಇದರ ಮೇಲೆ ಹೋಗ್ತಿರಲಿಲ್ವಾ?"

"ಹೋಗೋಣ ಅಂತಲೇ ಕೂತೆ. ಭಯ ಆಯ್ತು. ನಾನು ಹೆದರಿ ಇಳಿದಿದ್ದನ್ನ ನಿಮ್ಮ ಮಗನಿಗೆ ಹೆಂಗೆ ಕೊಡ್ಲಿ?"

ಅವರು ತಲೆಯಾಡಿಸಿದರು. ಮನುಷ್ಯನಿಗೆ ಅರ್ಥವಾಯಿತು ಎಂದು ನಾನು ಖುಷಿಪಟ್ಟೆ. ಮಧ್ಯಾಹ್ನದೊಳಗೆ ಒಂದು ಸಾಗಣೆ ವ್ಯಾನು ಬಂತು. ಅಪ್ಪ ಮಗ ಸೇರಿ ಗಾಡಿಯನ್ನು ಹೇರಿಸಿಕೊಂಡು, ನುಣುಪಾಗಿ ಬೆಸೆದುಕೊಡುವ ಬೇರೆ ಗ್ಯಾರೇಜಿಗೆ ಹೋದರು. ಮಾಲೀಕರು ಶೆಡ್ಡಿನ ಬೀಗದ ಕೈಗಾಗಿ ಕೈ ಚಾಚಿದರು. ಅವರ ಕಣ್ಣಲ್ಲೂ ನೀರಿತ್ತು, ಇಲ್ಲವೆನ್ನಲಾರೆ. "ನನ್ನ ಕೈಯಲ್ಲಿ ಇನ್ನಾಗಲ್ಲಮ್ಮ. ಪ್ರತಿ ಸಲ ನೀನು ಗೇಟು ದಾಟಿದಾಗ ನಂಗೆ ಅವನೇ ಹೋದ ಹಾಗಾಗುತ್ತೆ" ಎಂದರು. ಕಿಡಿಯಕ್ಕ ಬೀಗದ ಕೈ ಕೊಟ್ಟು, ಮುಖವಾಡ ಕಂಕುಳಲ್ಲಿ ಇರುಕಿಕೊಂಡು ಹೊರಟರು.

ನಾನೂ ಜೊತೆಗೆ ನಡೆದೆ. ಅತ್ತೆ ಬೆಳಗಿನಿಂದ ಹೊಸ್ತಿಲಲ್ಲೇ ಕೂತಿದ್ದರು. ತುಟಿ ಒಣಗಿತ್ತು. ಸೊಸೆ ನಡೆದು ಬರುವುದನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡು ಎದ್ದರು.

"ಹಾರ್ನ್ ಕೇಳಲಿಲ್ಲ."

"ಹತ್ತಲಿಲ್ಲ ಅತ್ತೆ. ಕತ್ತರಿಸಿ ಬಂದೆ."

"ಬೆಂದಿತ್ತಾ?"

"ಬೆಂದಿತ್ತು."

ಮುದುಕಿ ಸೊಸೆಯ ಮುಖವನ್ನೇ ನೋಡಿದರು. "ಹೋಗ್ಲಿ ಬಿಡು. ಕೈ ತೊಳ್ಕೊ. ನಂಗೂ ಒಂದು ಲೋಟ ನೀರು ತಾ" ಎಂದು ಮತ್ತೆ ಅಲ್ಲೇ ಕೂತರು.

ಈಗ ಕಿಡಿಯಕ್ಕ ಊರಾಚೆಯ ಒಂದು ಅಂಗಡಿಯಲ್ಲಿ ಕಿಟಕಿಯ ಸರಳು ಬೆಸೆಯುತ್ತಾರೆ. ಬರುವುದು ಮೊದಲಿನ ಅರ್ಧವೂ ಇಲ್ಲ, ಕೆಮ್ಮು ಮಾತ್ರ ಮೊದಲಿಗಿಂತ ಜಾಸ್ತಿ. "ಕಿಟಕೀನ ಯಾರೂ ಹತ್ತಿ ಓಡಿಸಲ್ವಲ್ಲ, ನಮ್ಮತ್ತೆಗೆ ನಿದ್ದೆ ಬರುತ್ತೆ" ಎನ್ನುತ್ತಾರೆ. ಅವರಿಗೆ ಬರುತ್ತದೆಯೇ ಎಂದರೆ ಮುಂದಿನ ಸರಳು ಎತ್ತಿಕೊಳ್ಳುತ್ತಾರೆ. ಈ ಬರಹದ ಜೊತೆ ಗಾಡಿಯ ಫೋಟೋ ಇಲ್ಲ. ತೆಗೆಯಲಿಲ್ಲ.

ಆ ಅಂಗಡಿಯಿಂದ ಹೊರಡುವಾಗ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಇಂಥ ಬರಹ ಬರೆಯುವವರೆಲ್ಲ ಕೇಳುವ ಪ್ರಶ್ನೆ ಅದು, ಕೇಳಿದ ಮೇಲೆ ನಾಚಿಕೆಯಾಯಿತು. ಅವರು ಮುಖವಾಡವನ್ನು ಹಣೆಯ ಮೇಲಕ್ಕೆ ಸರಿಸಿದರು.

"ನಾನು ಬೆಸೆದ ಗಾಡಿಗಳು ಮುದಿಯಾಗ್ಬೇಕು. ತುಕ್ಕು ಹಿಡಿದೇ ಸಾಯ್ಬೇಕು. ಅಷ್ಟೇ." ಮುಖವಾಡ ಇಳಿಸಲು ಹೋದವರು ಮತ್ತೆ ತಡೆದರು. "ನೀವು ನಾಲ್ಕು ಕಡೆ ಓಡಾಡೋರು. ಆ ಹಸಿರು ಗಾಡಿ ಎಲ್ಲಾದ್ರೂ ಕಂಡ್ರೆ, ಅದನ್ನ ಬೆಸೆದವ್ರು ಮೊದಲು ತಾವೇ ಹತ್ತಿದ್ರಾ ಅಂತ ಒಂದು ಮಾತು ಕೇಳ್ಕೊಂಡು ಬನ್ನಿ."