ನೋಟಿಸ್ ಬೋರ್ಡಿಗೆ ಬಂದ ಕೀಲಿ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಶಹಾಪುರದ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿದ್ದ ಕಾಗದವನ್ನು ಎಲ್ಲರೆದುರೇ ಕಿತ್ತು ಹರಿದೆ.

ನಾನು ಅಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಯಾದಗಿರಿಯಲ್ಲಿರುವ ಒಂದು ಕ್ಲಸ್ಟರನ್ನು, ಅಂದರೆ ಒಟ್ಟಿಗೆ ಜೋಡಿಸಿದ ಕಂಪ್ಯೂಟರುಗಳನ್ನು, ಐದು ಕಾಲೇಜುಗಳು ಹಂಚಿಕೊಂಡಿವೆ. ಮಕ್ಕಳ ಕೆಲಸವೆಲ್ಲ ಅದರೊಳಗಿನ ಕಂಟೇನರುಗಳಲ್ಲಿ, ಅಂದರೆ ಬೇರೆ ಬೇರೆ ಡಬ್ಬಿಗಳಂಥ ಜಾಗಗಳಲ್ಲಿ, ಇರುತ್ತದೆ. ಇಲ್ಲಿಂದ ಕಮಾಂಡ್ ಟೈಪ್ ಮಾಡಲು ಅಕ್ಷರ, ಅಂಕಿಗಳ ಒಂದು ಉದ್ದನೆಯ ರಹಸ್ಯ ಕೀಲಿ ಬೇಕು. ಅದು ಸಿಕ್ಕವರು ಒಂದೇ ಸಾಲಿನಲ್ಲಿ ಎಲ್ಲವನ್ನೂ ಅಳಿಸಿಬಿಡಬಹುದು. ಇವತ್ತು ಮಧ್ಯಾಹ್ನ ಅದರಲ್ಲೇ ಪ್ರಾಕ್ಟಿಕಲ್ ಪರೀಕ್ಷೆ ಬೇರೆ ಇತ್ತು.

ಕೀಲಿ ಕಾಲೇಜಿನ ಇಮೇಲಿಗೆ ಬಂದಿತ್ತು. ಗುಮಾಸ್ತ ಶರಣಪ್ಪನವರು ಅದನ್ನು ಪ್ರಿಂಟ್ ತೆಗೆದು, ಕಾಲೇಜಿನ ಮೊಹರಿನ ಸಿಕ್ಕಾ ಹೊಡೆದು, ಬೋರ್ಡಿಗೆ ಅಂಟಿಸಿದ್ದರು.

"ಇದೇನ್ ಮಾಡೀರಿ ಶರಣಪ್ಪನವರ?" ಎಂದೆ.

"ಶೇರ್ಡ್ ಅಂತ ಬರದಿತ್ತಲ್ರಿ ಮೇಡಂ. ಎಲ್ಲಾರಿಗೂ ಗೊತ್ತಾಗ್ಲಿ ಅಂತ ಹಚ್ಚೀನಿ."

ಅಷ್ಟರಲ್ಲಿ ಇಬ್ಬರು ವಿದ್ಯಾರ್ಥಿನಿಯರು ಅದನ್ನು ಹಾಲ್ ಟಿಕೆಟ್ ನಂಬರುಗಳೆಂದು ತಿಳಿದು, ಫೋಟೋ ತೆಗೆದು ಕ್ಲಾಸಿನ ಗ್ರೂಪಿಗೆ ಹಾಕಿಯಾಗಿತ್ತು. ಕಾಗದವನ್ನು ಅಲ್ಲೇ ಕಿತ್ತು ಹರಿದೆ. ಯಾದಗಿರಿಯಲ್ಲಿ ಕ್ಲಸ್ಟರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ.

"ಹೆದರಬ್ಯಾಡ್ರಿ, ಹಳೇದು ರದ್ದು ಮಾಡೀನಿ. ಹೊಸಾದು ನಿಮಗೇ ಕಳಸ್ತೀನಿ, ಆಫೀಸಿಗಿ ಕಳಸಂಗಿಲ್ಲ," ಎಂದು ಅವರು ನಕ್ಕರು.

ಹೊಸ ಕೀಲಿ ಹಾಕಿ ಕಮಾಂಡ್ ಕೊಟ್ಟು ನೋಡಿದೆ. ಐದೂ ಕಾಲೇಜುಗಳ ಕೆಲಸ ಇದ್ದ ಹಾಗೇ ಇತ್ತು. ಪರೀಕ್ಷೆಯೂ ನಡೆಯಿತು.

ಸಂಜೆ ಶರಣಪ್ಪನವರು ನನ್ನ ಟೇಬಲ್ಲಿಗೆ ಬಂದರು. "ಸಿಕ್ಕಾ ಹೊಡದ ಕಾಗದ ಹರದೀರಿ ಮೇಡಂ. ಯಾಕ ಹರದ್ರಿ ಅಂತ ಬರದು ಕೊಡ್ರಿ."

ಈಗ ಅದನ್ನೇ ಬರೆಯುತ್ತಿದ್ದೇನೆ. ಜೊತೆಗೆ ಹರಿದ ಕಾಗದದ ಮೂರು ಜೆರಾಕ್ಸ್ ಲಗತ್ತಿಸಬೇಕಂತೆ.