ಆಷಾಢದಲ್ಲಿ ಮೊದಲ ಮಾತ್ರೆ

ಹರ್ನಿಯಾ ಆಪರೇಷನ್‌ಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ನನಗೆ ಎಚ್‌ಐವಿ ಇರುವುದು ಗೊತ್ತಾಯಿತು. ಆಗ ನನಗೆ ಐವತ್ತರ ಹತ್ತಿರ. ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು, ಅವಿವಾಹಿತ. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ, ಗಂಡ ತೀರಿಹೋದ ಅಕ್ಕನ ಜೊತೆ ವಾಸ. ಮತ್ತೆ ಪರೀಕ್ಷೆ ಮಾಡಿದರೂ ಉತ್ತರ ಬದಲಾಗಲಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಕೆಮ್ಮು, ಜ್ವರ, ತಲೆನೋವು ಎಲ್ಲ ವಿಚಾರಿಸಿ, "ಇವತ್ತೇ ಮಾತ್ರೆ ಶುರು ಮಾಡೋಣ" ಎಂದರು.

"ಚೆನ್ನಾಗೇ ಇದೀನಲ್ಲ ಮೇಡಂ. ಒಂದು ತಿಂಗಳು ಯೋಚನೆ ಮಾಡ್ತೀನಿ."

"ಧಾರಾಳವಾಗಿ ಮಾಡಿ. ಮಾತ್ರೆ ನುಂಗ್ಕೊಂಡು ಯೋಚನೆ ಮಾಡಿ. ಚೆನ್ನಾಗಿರುವಾಗಲೇ ಶುರು ಮಾಡಿದ್ರೆ ಚೆನ್ನಾಗೇ ಇರ್ತೀರಿ."

ದಿನಕ್ಕೊಂದು, ಒಂದೇ ಹೊತ್ತಿಗೆ, ಜೀವನಪೂರ್ತಿ. ಯಾವ ಹೊತ್ತು ಎಂಬುದನ್ನು ನನಗೇ ಬಿಟ್ಟರು.

ಮನೆಗೆ ಬಂದು ಅಕ್ಕನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವಳು ಅಡುಗೆಮನೆಯ ಹೊಸ್ತಿಲ ಬಳಿ ಕುಸಿದು ಕುಳಿತು ಅತ್ತಳು. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ.

"ಏನೂ ಆಗಲ್ಲ ತಾನೆ ನಿಂಗೆ?"

"ಮಾತ್ರೆ ಬಿಡದೆ ತಗೊಂಡ್ರೆ ಎಲ್ಲರ ಹಾಗೇ ಬದುಕ್ತೀನಂತೆ."

ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದವಳ ದೃಷ್ಟಿ ಕ್ಯಾಲೆಂಡರಿನ ಮೇಲೆ ಬಿತ್ತು.

"ಅಯ್ಯೋ, ಆಷಾಢ ಕಣೋ! ಹೊಸದೇನೂ ಶುರು ಮಾಡೋ ಹಾಗಿಲ್ಲ!"

ನಮ್ಮ ಮನೆಗೆ ಮಿಕ್ಸಿ ಬಂದದ್ದೂ ಮುಹೂರ್ತ ನೋಡಿಯೇ. ಅವಳು ಮಾತ್ರೆಯ ಡಬ್ಬಿಯನ್ನು ಕಿತ್ತುಕೊಂಡು ದೇವರ ಮುಂದೆ ಇಟ್ಟಳು. ಒಳಗೊಳಗೇ ಹೆದರಿದ್ದ ನನಗೆ ಹಾಯೆನಿಸಿತು. ಮುಂದೂಡಲು ಪಂಚಾಂಗವೇ ನೆಪವಾಯಿತು. ಆದರೆ ಅಕ್ಕ ಮನೆಯ ಪುರೋಹಿತರಿಗೆ ಫೋನ್ ಮಾಡಿಬಿಟ್ಟಳು. ಕಿವಿ ಮಂದವಾದ್ದರಿಂದ ಅವಳದು ಯಾವಾಗಲೂ ಸ್ಪೀಕರೇ.

"ತಮ್ಮನಿಗೆ ಒಂದು ಹೊಸದು ಶುರು ಆಗ್ಬೇಕು. ಇವತ್ತೇ."

"ಏನಮ್ಮಾ ಅದು?"

ನಾನು ಬೇಡವೆಂದು ಎರಡೂ ಕೈ ಆಡಿಸಿದೆ. ಅಕ್ಕ ತಡವರಿಸಿದಳು. "ಅದೂ... ಜೀವನಪೂರ್ತಿ ಇರೋದು. ಒಂದು ದಿನಾನೂ ಬಿಡೋ ಹಾಗಿಲ್ಲ."

"ಓಹೋ, ಮದುವೆ! ಅಂತೂ ಮೇಷ್ಟ್ರು ಮನಸ್ಸು ಮಾಡಿದ್ರು. ಆದ್ರೆ ಆಷಾಢ ಅಲ್ವೇ, ಶ್ರಾವಣದವರೆಗೆ ತಡೀರಿ."

"ತಡಿಯೋಕಾಗಲ್ಲ ಪುರೋಹಿತ್ರೇ. ಡಾಕ್ಟ್ರು ಇವತ್ತೇ ಅಂದಿದಾರೆ."

"ಹುಡುಗಿ ಡಾಕ್ಟ್ರಾ?"

"ಹೆಂಗಸೇ."

ಪುರೋಹಿತರ ಧ್ವನಿ ತಗ್ಗಿತು. "ಅಷ್ಟು ಅವಸರ ಅಂದ್ರೆ... ಅರ್ಥ ಆಯ್ತು ಬಿಡಿ. ಅಂಥ ಸಂದರ್ಭದಲ್ಲಿ ಶಾಸ್ತ್ರ ಅಡ್ಡ ಬರಲ್ಲ. ಇವತ್ತು ಗೋಧೂಳಿ ಲಗ್ನಕ್ಕೆ ಮುಗಿಸ್ಬಿಡಿ. ಆ ಹೊತ್ತಿಗೆ ಯಾವ ದೋಷಾನೂ ಇಲ್ಲ."

ಸೂರ್ಯ ಮುಳುಗುವ ಹೊತ್ತಿಗೆ ಅಕ್ಕ ದೀಪ ಹಚ್ಚಿ, ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಬಿಸಿನೀರಿನ ಲೋಟ ಕೊಟ್ಟಳು. ನುಂಗಿದೆ. ಗಂಟಲಲ್ಲಿ ಒಂದು ಕ್ಷಣ ನಿಂತು ಇಳಿಯಿತು. ಅಕ್ಕ ಅಕ್ಷತೆ ಹಾಕಿದಳು.

ಪುರೋಹಿತರ ಬಾಯಿಂದ ಸುದ್ದಿ ಆಗಲೇ ಹರಡಿತ್ತು. ಮರುದಿನ ಗಾಂಧಿ ಬಜಾರಿನ ಹೂವಿನವಳು ಮಲ್ಲಿಗೆಯ ದಂಡೆಯನ್ನು ನನ್ನ ಕೈಗೆ ತುರುಕಿ, "ಮನೆಯೋರಿಗೆ ಕೊಡಿ ಮೇಷ್ಟ್ರೇ" ಎಂದಳು. ಸ್ಟಾಫ್ ರೂಮಿನಲ್ಲಿ ಪ್ರೆಷರ್ ಕುಕ್ಕರ್ ಕೊಟ್ಟರು. ಪಕ್ಕದ ಮನೆಯವರು ಅರಿಶಿನ ಕುಂಕುಮ ಹಿಡಿದು ಮದುಮಗಳನ್ನು ನೋಡಲು ಬಂದೇಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ತವರಿಗೆ ಹೋಗಿದಾಳೆ. ಆಷಾಢ ಅಲ್ವಾ?" ಅವರು ತಲೆದೂಗಿ ಕಾಫಿ ಕುಡಿದು ಹೋದರು. ಶ್ರಾವಣ ಬಂದ ಮೇಲೆ ಆ ಇಲ್ಲದ ಡಾಕ್ಟರ್ ಹೆಂಡತಿಗೆ ಅಕ್ಕನೇ ರಾಯಚೂರಿಗೆ ವರ್ಗ ಮಾಡಿಸಿದಳು.

"ಹೀಗೇಕೆ ಸುಳ್ಳು ಹೇಳ್ತೀಯ?" ಎಂದರೆ, "ನಿಜ ಯಾವಾಗ ಹೇಳ್ಬೇಕು ಅನ್ನೋದು ನಿನ್ನಿಷ್ಟ. ಅಲ್ಲಿವರೆಗೂ ನಾನಿದೀನಿ" ಎಂದಳು.

ಮೊದಲ ಕೆಲವು ದಿನ ಹೊಟ್ಟೆ ತೊಳಸಿತು, ವಿಚಿತ್ರ ಕನಸುಗಳು ಬಿದ್ದವು, ಆಮೇಲೆ ಸರಿಹೋಯಿತು. ತಿಂಗಳುಗಳು ಕಳೆದು ಮತ್ತೆ ಪರೀಕ್ಷೆ ಮಾಡಿಸಿದಾಗ ಅಕ್ಕನೂ ಬಂದಿದ್ದಳು. ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದಿದೆ, ಹೀಗೇ ಇದ್ದರೆ ಸಂಗಾತಿಗೂ ದಾಟುವುದಿಲ್ಲ, ಆದರೆ ಮಾತ್ರೆ ಬಿಡುವಂತಿಲ್ಲ ಎಂದರು ಡಾಕ್ಟರಮ್ಮ. ಅಕ್ಕ ಅವರ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಹೊರಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಇಣುಕತೊಡಗಿದಾಗ ನಾನೇ ಬಿಡಿಸಬೇಕಾಯಿತು.

ಆಟೋ ಹತ್ತಿದ ಮೇಲೆ, ಬೀದಿಯಲ್ಲಿ ನಿಂತು ತಿನ್ನುವವರನ್ನು ಕಂಡರೆ ಮುಖ ಸಿಂಡರಿಸುತ್ತಿದ್ದ ಅಕ್ಕ, "ವಿಶ್ವೇಶ್ವರಪುರಂ ಕಡೆ ತಿರುಗಿಸಪ್ಪಾ" ಎಂದಳು. ತಿಂಡಿ ಬೀದಿಯ ಜನಜಂಗುಳಿಯ ನಡುವೆ ನಿಂತು, ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಂಡು, ಮೊಣಕೈವರೆಗೆ ಸೋರಿದರೂ ಲಕ್ಷಿಸದೆ ತಿಂದಳು.