ಶನಿವಾರದ ದೀಪ ಆರಿಸಿದ್ದು ನಾನೇ

ನಾನು ಚಿಕ್ಕವಳಿದ್ದಾಗ ನನ್ನಷ್ಟು ಹೊಟ್ಟೆಕಿಚ್ಚಿನ ಹುಡುಗಿ ಇಡೀ ಮೆಲ್ಬರ್ನಿನಲ್ಲಿ ಇನ್ನೊಬ್ಬಳಿರಲಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ ಮೊಮ್ಮಕ್ಕಳೇ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಅಕ್ಕನಿಗೆ ಹೊಸ ಬ್ಯಾಗ್ ತಂದರೆ ನನಗೆ ಊಟ ಸೇರುತ್ತಿರಲಿಲ್ಲ. ತರಗತಿಯಲ್ಲಿ ಯಾರದಾದರೂ ಹಲ್ಲು ಬಿದ್ದರೆ, ನನ್ನದು ಯಾಕೆ ಬಿದ್ದಿಲ್ಲ ಎಂದು ಕನ್ನಡಿಯ ಮುಂದೆ ನಿಂತು ಗಟ್ಟಿ ಹಲ್ಲನ್ನು ಅಲುಗಾಡಿಸುತ್ತಿದ್ದೆ. ಆದರೆ ಇವೆಲ್ಲ ಒಂದೆರಡು ದಿನದ ಉರಿ. ಪಕ್ಕದ ಮನೆಯ ಗೆಳತಿಯ ಮೇಲಿದ್ದ ಹೊಟ್ಟೆಕಿಚ್ಚು ಮಾತ್ರ ಪ್ರತಿ ಶನಿವಾರ ಮಧ್ಯಾಹ್ನ ತಪ್ಪದೆ ಬರುತ್ತಿತ್ತು.

ಆಗ ನನಗೆ ಹತ್ತು ವರ್ಷ. ಅಮ್ಮನಿಗೆ ಕ್ಲೇಟನ್ನಿನ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ. ಅಪ್ಪನಿಗೆ ಸಿಡ್ನಿಯ ನಾರ್ವೆಸ್ಟಿನಲ್ಲಿ ಕಂಪ್ಯೂಟರ್ ಕೆಲಸ. ಇಬ್ಬರಲ್ಲಿ ಒಬ್ಬರೂ ಕೆಲಸ ಬಿಡುವ ಹಾಗಿರಲಿಲ್ಲ. ಹಾಗಾಗಿ ಅಪ್ಪ ವಾರವೆಲ್ಲ ಸಿಡ್ನಿಯ ಟೂಂಗಾಬಿಯಲ್ಲಿ ಇನ್ನೂ ಮೂವರ ಜೊತೆ ಒಂದು ಮನೆ ಹಂಚಿಕೊಂಡು ಇರುತ್ತಿದ್ದರು. ಶುಕ್ರವಾರದ ಕೊನೆಯ ವಿಮಾನಕ್ಕೆ ಬಂದು, ಭಾನುವಾರ ಸಂಜೆ ಇಸ್ತ್ರಿ ಮಾಡಿದ ಐದು ಶರ್ಟು ತುಂಬಿಕೊಂಡು ಹೊರಟುಬಿಡುತ್ತಿದ್ದರು. ನಡುವಿನ ಶನಿವಾರವೊಂದೇ ನಮ್ಮದು. ಅದರಲ್ಲೂ ಅರ್ಧ ನಿದ್ದೆಗೆ ಹೋಗುತ್ತಿತ್ತು, ಉಳಿದರ್ಧ ಲ್ಯಾಪ್‌ಟಾಪಿಗೆ.

ಪಕ್ಕದ ಮನೆಯವರು ಯಹೂದಿಗಳು. ನಾವಿದ್ದ ಕಾಲ್‌ಫೀಲ್ಡಿನ ಆ ಬೀದಿಯಲ್ಲಿ ಮುಕ್ಕಾಲು ಪಾಲು ಅವರೇ. ಶುಕ್ರವಾರ ಸೂರ್ಯ ಮುಳುಗುವ ಹೊತ್ತಿನಿಂದ ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಅವರಿಗೆ ಶಬ್ಬಾತ್, ಅಂದರೆ ವಿಶ್ರಾಂತಿಯ ದಿನ. ಆ ಹೊತ್ತಿನಲ್ಲಿ ಕಾರಿಲ್ಲ, ಫೋನಿಲ್ಲ. ದೀಪದ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ಬೇಕಾದ ದೀಪವನ್ನು ಶುಕ್ರವಾರವೇ ಹಾಕಿಟ್ಟು, ಯಾರೂ ಮರೆತು ಒತ್ತದಿರಲಿ ಎಂದು ಸ್ವಿಚ್ಚಿನ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಸರಿಸಿಡುತ್ತಿದ್ದರು. ದೀಪ ಆರಿದರೆ ಆರಿತು. ಹೊರಗಿನವರಿಗೆ "ಹಾಕಿಕೊಡಿ" ಎಂದು ಹೇಳುವ ಹಾಗೂ ಇರಲಿಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಆ ಮನೆಯ ಗೆಳತಿಯೇ. ಹೇಳಿಕೊಟ್ಟು ಕೆಟ್ಟಳು ಪಾಪ.

ಅವಳ ಅಪ್ಪನನ್ನು ನಾನು ಅಂಕಲ್ ಎನ್ನುತ್ತಿದ್ದೆ. ಶನಿವಾರ ಮಧ್ಯಾಹ್ನ ಅಂಕಲ್ ಮತ್ತು ಅವಳು ಊಟದ ಮೇಜಿನ ಎರಡು ಕಡೆ ಎದುರು ಬದುರು ಕೂರುತ್ತಿದ್ದರು. ನಡುವೆ ತೋರಾ. ಅದು ಅವರ ಧರ್ಮಗ್ರಂಥ. ವಾರಕ್ಕೊಂದು ಕಂತಿನಂತೆ ಓದಿ ವರ್ಷಕ್ಕೆ ಮುಗಿಸುತ್ತಾರೆ, ಮುಗಿದ ದಿನವೇ ಮತ್ತೆ ಮೊದಲ ಸಾಲಿಗೆ ಬರುತ್ತಾರೆ. ಹಿಂದಿನ ದಿನವೇ ಸಣ್ಣ ಉರಿಯಲ್ಲಿಟ್ಟ ಕಾಳಿನ ಸಾರಿನ ವಾಸನೆ ಮನೆ ತುಂಬ ಇರುತ್ತಿತ್ತು. ಬಿಳಿ ಮೇಜುಬಟ್ಟೆಯ ಮೇಲೆ ಜಡೆಯ ಹಾಗೆ ಹೆಣೆದ ಬ್ರೆಡ್ಡಿನ ಚೂರುಗಳು ಬಿದ್ದಿರುತ್ತಿದ್ದವು. ಅಂಕಲ್ ಒಂದು ಸಾಲು ಓದಿ ಒಂದು ಪ್ರಶ್ನೆ ಕೇಳುವರು. ಅವಳು ಉತ್ತರ ಹೇಳಿದರೆ ಅದರ ಮೇಲೆ ಇನ್ನೊಂದು ಪ್ರಶ್ನೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಮೇಜು ಗುದ್ದಿ ವಾದಿಸುತ್ತಿದ್ದರು. "ಇಲ್ಲ, ನೀವು ಹೇಳಿದ್ದು ತಪ್ಪು" ಎಂದು ಅವಳು ಅಪ್ಪನ ಮುಖಕ್ಕೇ ಹೇಳಿದರೆ ಅಂಕಲ್ ಮುಖ ಅರಳುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಎದುರುತ್ತರ ಎಂದು ಹೆಸರು.

ನನಗೆ ಬೇಕಿದ್ದದ್ದು ಆ ಪುಸ್ತಕವಲ್ಲ, ಬ್ರೆಡ್ಡೂ ಅಲ್ಲ. ವಾರಕ್ಕೆ ಒಂದು ಗಂಟೆ, ಎದುರು ಕೂತ ಅಪ್ಪ. ಅವಳಿಗೆ ಅದು ಕೇಳದೆಯೇ ಸಿಗುತ್ತಿತ್ತು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಜೂನ್ ತಿಂಗಳ ಒಂದು ಶುಕ್ರವಾರ, ಮೆಲ್ಬರ್ನಿನಲ್ಲಿ ಅದು ಗಡಗಡ ಚಳಿಯ ಕಾಲ, ನಾನು ಫೋನಿನಲ್ಲಿ ಅಪ್ಪನಿಗೆ ಗಂಟುಬಿದ್ದೆ. ನಾಳೆ ನನ್ನ ಜೊತೆ ಕೂತು ಓದಬೇಕು ಎಂದೆ. "ಆಯ್ತು ಪುಟ್ಟಿ, ಮೂರು ಗಂಟೆಗೆ ಡನ್" ಎಂದರು ಅಪ್ಪ. ಶನಿವಾರ ಊಟವಾದದ್ದೇ ನಾನು ಮೇಜು ಒರೆಸಿ, ಬೀರುವಿನಿಂದ ಬಿಳಿ ಬೆಡ್‌ಶೀಟ್ ತೆಗೆದು ಹಾಸಿದೆ. ಮೈಸೂರಿನಿಂದ ಅಜ್ಜಿ ಕಳಿಸಿದ್ದ ಕನ್ನಡದ ಕಥೆಪುಸ್ತಕ ನಡುವೆ ಇಟ್ಟೆ. ಒಂದು ತಟ್ಟೆಯಲ್ಲಿ ಬ್ರೆಡ್ ಹರಿದು ಚೂರು ಚೂರು ಮಾಡಿ ಉದುರಿಸಿದೆ. ಅಕ್ಕ ಬಂದು ನೋಡಿ, "ಇದೇನೇ, ಬಾತುಕೋಳಿಗೆ ಊಟ ಹಾಕ್ತಿದ್ಯಾ?" ಎಂದು ನಕ್ಕಳು.

ಮೂರು ಗಂಟೆಗೆ ಸರಿಯಾಗಿ ಅಪ್ಪ ಬಂದು ಕೂತರು. ನಾನು ಪುಸ್ತಕ ತೆರೆದೆ. ಅಪ್ಪನ ಫೋನು ಗುರುಗುಟ್ಟಿತು.

"ಫೈವ್ ಮಿನಿಟ್ಸ್ ಪುಟ್ಟಿ, ಆಫೀಸಲ್ಲಿ ಸಿಸ್ಟಂ ಡೌನ್ ಆಗಿದೆಯಂತೆ."

ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡರು. ನಾನು ಮೊದಲ ಪುಟವನ್ನು ಒಬ್ಬಳೇ ಆರು ಸಲ ಓದಿದೆ. ಗಡಿಯಾರ ನಾಲ್ಕು ತೋರಿಸಿತು. ಅಮ್ಮ ಇನ್ನೂ ಡ್ಯೂಟಿಯಲ್ಲಿದ್ದರು, ಅಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು. ನಾನು ಬೆಡ್‌ಶೀಟನ್ನು ಬ್ರೆಡ್ಡಿನ ಚೂರಿನ ಸಮೇತ ಎಳೆದು ನೆಲಕ್ಕೆ ಹಾಕಿ, ಪಕ್ಕದ ಮನೆಗೆ ನಡೆದೆ.

ಅಲ್ಲಿ ಎಲ್ಲವೂ ಎಂದಿನಂತೆ ನಡೆದಿತ್ತು. ಮೋಡ ಕವಿದು ಕಿಟಕಿ ಮಂಕಾಗಿತ್ತು, ಮೇಜಿನ ಮೇಲಿನ ದೀಪ ಹಳದಿಯಾಗಿ ಉರಿಯುತ್ತಿತ್ತು. ಅಂಕಲ್ ನನಗೂ ಒಂದು ಕುರ್ಚಿ ಎಳೆದು, ಆ ವಾರದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರು. ಮರುಭೂಮಿಯಲ್ಲಿ ಜನರ ಗುಂಪೊಂದು ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಅದರ ನಾಯಕನ ಮೇಲೆ ಅವನ ದಾಯಾದಿಗೇ ಮತ್ಸರ. ಇವನೊಬ್ಬನೇ ಯಾಕೆ ದೊಡ್ಡವನು, ನಾವೇನು ಕಡಿಮೆ ಎಂದು ಜನ ಸೇರಿಸಿಕೊಂಡು ದಂಗೆ ಏಳುತ್ತಾನೆ. ಭೂಮಿ ಬಾಯಿ ತೆರೆದು ಅವನನ್ನು ನುಂಗಿಬಿಡುತ್ತದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡೆ.

ಆ ದಾಯಾದಿ ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಅಂಕಲ್ ಬೇಕೆಂದೇ ಅವನ ಪರ ವಹಿಸಿದರು. ಅವನು ತಿಳಿಯುವುದಕ್ಕಲ್ಲ, ಗೆಲ್ಲುವುದಕ್ಕೆ ಕೇಳಿದ್ದು ಎಂದಳು ಗೆಳತಿ. ಅಂಕಲ್ ಕುರ್ಚಿಗೆ ಒರಗಿ, ಸೋತವರ ಹಾಗೆ ಎರಡೂ ಕೈ ಎತ್ತಿ ನಕ್ಕರು. ಆ ನಗು ಇದೆಯಲ್ಲ, ಅದು ನನ್ನ ಎದೆಗೆ ನಾಟಿತು. ನನ್ನ ಅಪ್ಪ ನನ್ನ ಮಾತಿಗೆ ಹಾಗೆ ಸೋತು ನಕ್ಕದ್ದು ನನಗೆ ನೆನಪೇ ಇರಲಿಲ್ಲ. ಅಂಕಲ್ ನನ್ನ ಕಡೆ ತಿರುಗಿ ನಿನ್ನ ಅಭಿಪ್ರಾಯವೇನು ಎಂದು ಕೇಳಿದರು. ಅದು ಪ್ರೀತಿಯಿಂದಲೇ ಕೇಳಿದ್ದು. ನನಗೆ ಮಾತ್ರ ಉಂಡು ಮಿಕ್ಕಿದ್ದನ್ನು ಬಡಿಸಿದ ಹಾಗಾಯಿತು.

ನೀರು ಕುಡಿದು ಬರುತ್ತೇನೆ ಎಂದು ಎದ್ದೆ. ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಸ್ವಿಚ್ಚು ಇತ್ತು. ಮರೆತು ಕೈ ತಗುಲಿತು ಎನ್ನುವ ಹಾಗಿಲ್ಲ, ಮುಚ್ಚಳ ಸರಿಸಿಯೇ ಒತ್ತಬೇಕು. ನಾನು ಮುಚ್ಚಳ ಸರಿಸಿದೆ, ಒತ್ತಿದೆ.

ಕೋಣೆ ಮಬ್ಬಾಯಿತು. ಅಂಕಲ್ ಓದುತ್ತಿದ್ದ ಸಾಲು ಅರ್ಧಕ್ಕೆ ನಿಂತಿತು. ಗೆಳತಿ ಹಿಂತಿರುಗಿ ನೋಡಿದಳು, ನನ್ನ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಅಂಕಲ್ ಎದ್ದರು. ಪುಸ್ತಕ ಎತ್ತಿಕೊಂಡು, ಒಂದು ಕುರ್ಚಿ ಎಳೆದುಕೊಂಡು ಮುಂದಿನ ವರಾಂಡಕ್ಕೆ ನಡೆದರು. ಅಲ್ಲಿ ಇನ್ನೂ ಹಗಲಿನ ಬೆಳಕು ಸ್ವಲ್ಪ ಉಳಿದಿತ್ತು. ಗೆಳತಿಯೂ ತನ್ನ ಕುರ್ಚಿ ಎಳೆದುಕೊಂಡು ಹಿಂದೆ ಹೋದಳು. ಚಳಿಗೆ ಇಬ್ಬರ ಬಾಯಿಂದಲೂ ಹೊಗೆ ಬರುತ್ತಿತ್ತು, ಆದರೂ ವಾದ ಮುಂದುವರಿಯಿತು. ಅಕ್ಷರ ಕಾಣದಾದಾಗ ಅಂಕಲ್ ಪುಸ್ತಕ ಮುಚ್ಚಿ, ಉಳಿದದ್ದನ್ನು ಬಾಯಿಪಾಠದಿಂದಲೇ ಹೇಳತೊಡಗಿದರು. ನನ್ನ ಇಷ್ಟು ದೊಡ್ಡ ಪಾಪ ಅವರ ಒಂದು ಸಾಲನ್ನೂ ತಪ್ಪಿಸಲಿಲ್ಲ. ಬಾಗಿಲ ಬಳಿ ನಿಂತು ನನಗೆ ಇನ್ನಷ್ಟು ಹೊಟ್ಟೆ ಉರಿಯಿತು.

ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಅಪ್ಪ ಬಂದರು. ಕತ್ತಲಾದ ಮನೆ, ಚಳಿಯಲ್ಲಿ ಕೂತ ಅಪ್ಪ ಮಗಳು. ನಮ್ಮ ಅಪ್ಪನ ಸ್ವಭಾವ ನಿಮಗೆ ಗೊತ್ತಿಲ್ಲ, ಕೆಟ್ಟದ್ದು ಕಂಡರೆ ರಿಪೇರಿ ಮಾಡದೆ ಬಿಡುವವರಲ್ಲ. ಫ್ಯೂಸ್ ಹೋಯಿತೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಶೂ ಬಿಚ್ಚಿ ಒಳಗೆ ಹೋಗಿ ಟಕ್ಕೆಂದು ದೀಪ ಹಾಕಿದರು. "ಸ್ವಿಚ್ ಆಫ್ ಆಗಿತ್ತು ಅಷ್ಟೇ!" ಎಂದು ಗೆದ್ದವರ ಹಾಗೆ ಹೊರಗೆ ಬಂದರು. ಯಾರೂ ಏಳಲಿಲ್ಲ. ಶಬ್ಬಾತ್ ದಿನ ತಮಗೋಸ್ಕರ ಹಾಕಿದ ದೀಪದಲ್ಲಿ ತಾವು ಓದುವ ಹಾಗಿಲ್ಲ ಎಂದು ಅಂಕಲ್ ಮೆತ್ತಗೆ ತಿಳಿಸಿ, ಅಪ್ಪನಿಗೆ ಥ್ಯಾಂಕ್ಸ್ ಹೇಳಿದರು. ಅಪ್ಪನ ಮುಖ ಸಣ್ಣದಾಯಿತು.

"ಯಾರು ಆಫ್ ಮಾಡಿದ್ದು ಪುಟ್ಟಿ?" ಎಂದು ಕನ್ನಡದಲ್ಲಿ ಕೇಳಿದರು.

"ನಾನೇ."

"ಯಾಕೆ?"

"ಅವಳ ಅಪ್ಪ ಪ್ರತಿ ವಾರ ಅವಳ ಜೊತೆ ಕೂತ್ಕೋತಾರೆ. ನೀವು ಯಾವಾಗ್ಲೂ ಫೋನಲ್ಲೇ ಇರ್ತೀರ. ನಂಗೆ ಹೊಟ್ಟೆಕಿಚ್ಚಾಯ್ತು."

ಹೇಳುತ್ತಾ ಹೇಳುತ್ತಾ ಅಳು ಬಂತು. ಅಂಕಲ್‌ಗೆ ಕನ್ನಡ ಬರುವುದಿಲ್ಲ, ಏನಾಯಿತು ಎಂಬಂತೆ ಅಪ್ಪನನ್ನು ನೋಡಿದರು. ಅಪ್ಪ ಏನೋ ಒಂದು ಹೇಳಿ ಮಾತು ಮುಗಿಸಬಹುದಿತ್ತು. ಮಗು ಗೊತ್ತಿಲ್ಲದೆ ಒತ್ತಿತು ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ನಾನೂ ಅದನ್ನೇ ಕಾಯುತ್ತಿದ್ದೆ. ಅಪ್ಪ ಹಾಗೆ ಮಾಡಲಿಲ್ಲ. ನಾನು ಹೇಳಿದ್ದನ್ನು ಒಂದು ಮಾತೂ ಬಿಡದೆ, ತಮ್ಮ ಮೇಲಿನ ದೂರನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಅಂಕಲ್‌ಗೆ ಹೇಳಿದರು. 

ಅಂಕಲ್ ಒಳಗಿನಿಂದ ಇನ್ನೆರಡು ಕುರ್ಚಿ ತಂದರು. ನಾನು ಮತ್ತೆ ಕಾಲು ಮೇಲೆತ್ತಿಕೊಂಡೇ ಕೂತೆ. ಅಪ್ಪನ ಜೇಬಿನಲ್ಲಿ ಫೋನು ಮತ್ತೆ ಗುರುಗುಟ್ಟಿತು. ಅಪ್ಪ ಅದನ್ನು ತೆಗೆದು ನೋಡಿದರು. ನಾನು ಉಸಿರು ಹಿಡಿದೆ. ಅಪ್ಪ ಬಗ್ಗಿ, ಬಿಚ್ಚಿಟ್ಟಿದ್ದ ಶೂ ಒಳಗೆ ಫೋನು ತುರುಕಿ, ಮೇಲೆ ಕಾಲುಚೀಲ ತುಂಬಿ, ಕೂತರು. ಅದು ಶೂ ಒಳಗೇ ಎಷ್ಟೋ ಹೊತ್ತು ಗೊಣಗಿತು.

ನೀವು ವಾರ ವಾರ ಹೇಗೆ ಪುರುಸೊತ್ತು ಮಾಡಿಕೊಳ್ಳುತ್ತೀರಿ ಎಂದು ಅಪ್ಪ ಕೇಳಿದರು. ಅಂಕಲ್‌ರ ಫರ್ನಿಚರ್ ಅಂಗಡಿ ಆ ವರ್ಷ ಮುಚ್ಚಿಹೋಗಿತ್ತು. ಸೋಮವಾರ ಎದ್ದು ಎಲ್ಲಿಗೆ ಹೋಗಬೇಕು ಎಂದು ತನಗೆ ಗೊತ್ತಿಲ್ಲ, ಆದರೆ ಮುಂದಿನ ಶನಿವಾರ ಯಾವ ಪುಟ ತೆಗೆಯಬೇಕು ಎಂದು ಗೊತ್ತಿದೆ, ಸದ್ಯ ಅದನ್ನೇ ಹಿಡಿದುಕೊಂಡು ನಡೆಯುತ್ತಿದ್ದೇನೆ ಎಂದರು ಅವರು. ತಾನು ಹುಡುಗನಾಗಿದ್ದಾಗ ಸಿಡ್ನಿಯಲ್ಲಿ ತನ್ನ ಅಪ್ಪ ಹೀಗೇ ಎದುರು ಕೂತು ಓದಿಸುತ್ತಿದ್ದರಂತೆ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ, ಈ ಪುಟಕ್ಕೆ ಬಂದಾಗಲೆಲ್ಲ ಅವರ ಪ್ರಶ್ನೆಯೇ ಮೊದಲು ಕಿವಿಗೆ ಬೀಳುತ್ತದಂತೆ. ಆ ವಾರದ ಕಥೆಯನ್ನು ಅಪ್ಪನಿಗೂ ಹೇಳಿದರು. ಆಮೇಲೆ ಅಪ್ಪ, ಭೂಮಿ ನುಂಗಿದ ಆ ಮನುಷ್ಯನಿಗೆ ಮಕ್ಕಳಿದ್ದರೇ ಎಂದು ಕೇಳಿದರು.

ಉತ್ತರ ಹೇಳಿದ್ದು ಗೆಳತಿ. ಮಕ್ಕಳಿದ್ದರು, ಅವರು ಸಾಯಲಿಲ್ಲ, ಭೂಮಿ ಅವರನ್ನು ಬಿಟ್ಟಿತು ಎಂದಳು. ಹಾಗೆನ್ನುವಾಗ ನನ್ನನ್ನೇ ನೋಡಿದಳು. ನಾನು ಮೆಲ್ಲಗೆ ಕಾಲು ಕೆಳಗಿಟ್ಟೆ. ಅಪ್ಪ ಇಷ್ಟಕ್ಕೇ ಬಿಡಲಿಲ್ಲ, ಅದು ಯಾಕೆ ಹಾಗೆ ಎಂದು ಎರಡು ಕೈ ಆಡಿಸಿ ವಾದಕ್ಕೆ ಇಳಿದರು. ನಾನೂ ಇಳಿದೆ. ಬೇಲಿಯ ಆಚೆ ಮೂರನೆಯ ನಕ್ಷತ್ರ ಕಾಣುವವರೆಗೆ ನಾಲ್ವರೂ ನಡುಗುತ್ತಾ ಜಗಳವಾಡಿದೆವು.

ಸೋಮವಾರ ಶಾಲೆಗೆ ನಡೆಯುವಾಗ ಗೆಳತಿ ಮುಖ ಗಂಟಿಕ್ಕಿಕೊಂಡೇ ಒಂದು ಮಾತು ಹೇಳಿದಳು. ಶನಿವಾರ ಬೆಳಿಗ್ಗೆ ನಾನು ನೆಟ್‌ಬಾಲ್ ಆಡಲು ಹೋಗುವುದನ್ನು, ಶಬ್ಬಾತ್ ದಿನ ಆಡಲು ಹೋಗುವಂತಿಲ್ಲದ ಅವಳು ಕಿಟಕಿಯಿಂದ ನೋಡುತ್ತಿದ್ದಳಂತೆ. ಒಂದು ಸಲ ನನ್ನ ನೆಟ್‌ಬಾಲ್ ಶೂ ಬಚ್ಚಿಡಬೇಕು ಎಂದೂ ಅನ್ನಿಸಿತ್ತಂತೆ. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಅಪ್ಪ ಒಂದೇ ದಿನಕ್ಕೆ ಬದಲಾದರು ಎಂದರೆ ಸುಳ್ಳಾಗುತ್ತದೆ. ಆದರೆ ಆಮೇಲೆ ಬುಧವಾರ ಸಂಜೆ ಟೂಂಗಾಬಿಯಿಂದ ಫೋನು ಮಾಡಿ, ಅಜ್ಜಿಯ ಕಥೆಪುಸ್ತಕದ ಒಂದು ಪುಟ ನನ್ನಿಂದ ಓದಿಸಿ, ಅದರ ಮೇಲೆ ಜಗಳ ತೆಗೆಯುತ್ತಿದ್ದರು. ಕೆಲವು ಬುಧವಾರ ತಪ್ಪುತ್ತಿತ್ತು. ತಪ್ಪಿದ ವಾರ ನಾನು ಮುನಿಸಿಕೊಳ್ಳುತ್ತಿದ್ದೆ, ಮುಂದಿನ ವಾರ ಎರಡು ಪುಟ. ಒಂದು ಬುಧವಾರ ಅಪ್ಪ ಫೋನಿನಲ್ಲೇ, "ಹೋಗ್ಲಿ ಬಿಡು ತಾಯಿ, ಸೋತೆ" ಎಂದು ನಕ್ಕರು. ಆ ಮಾತಿಗೆ ನಾನು ಮನೆಯೆಲ್ಲ ಕುಣಿದೆ, ಅಕ್ಕ ಹೆಡ್‌ಫೋನ್ ತೆಗೆದು ನೋಡುವಷ್ಟು ಕುಣಿದೆ.

ಈಗ ನಿಮ್ಮ ಕಾಲ. ನೀವು ಯಾರ ಪುರುಸೊತ್ತನ್ನೂ ಕಾಯಬೇಕಾಗಿಲ್ಲ. ಗೋಡೆಯನ್ನು ಕೇಳಿದರೆ ಅದರಲ್ಲಿ ಕೂತ ಯಂತ್ರವೇ ಉತ್ತರ ಹೇಳುತ್ತದೆ. ಎಷ್ಟು ಸಲ ಕೇಳಿದರೂ ಅದಕ್ಕೆ ಬೇಸರವಿಲ್ಲ, ಸೋತೆ ಎಂದು ನಗುವುದೂ ಇಲ್ಲ. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ನಿಮ್ಮ ಮೇಲೆ. ನಿಮ್ಮ ಅಮ್ಮ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಪುಸ್ತಕ ತೆರೆದು ನಿಮ್ಮನ್ನು ಎದುರು ಕೂರಿಸಿಕೊಳ್ಳುತ್ತಾಳೆ. ನೀವು ಎರಡು ಸಾಲಿಗೇ "ಬೋರ್" ಎಂದು ಎದ್ದು ಓಡುತ್ತೀರಿ. ಆಗ ನಾನೇನು ಮಾಡುತ್ತೇನೆ ಎಂದು ನೀವು ತಿರುಗಿ ನೋಡಿದವರಲ್ಲ. ನನ್ನ ಅಪ್ಪ ಹೋಗಿ ಬಹಳ ವರ್ಷವಾಯಿತು, ನನ್ನನ್ನು ಎದುರು ಕೂರಿಸಿಕೊಳ್ಳುವವರು ಯಾರೂ ಉಳಿದಿಲ್ಲ. ಅದಕ್ಕೇ ನೀವು ಬಿಟ್ಟು ಹೋದ ಕುರ್ಚಿಯಲ್ಲಿ, ಅದು ಬೆಚ್ಚಗಿರುವಾಗಲೇ, ನಾನು ಹೋಗಿ ಕೂತುಬಿಡುತ್ತೇನೆ. ಈ ಭಾನುವಾರವೂ ಕೂರುತ್ತೇನೆ. ನಿಮ್ಮ ಜಾಗ ನಿಮಗೆ ಬೇಕಿದ್ದರೆ ಬಂದು ನನ್ನನ್ನು ಎಬ್ಬಿಸಿ.